ಮೊದಲು ಪೆಟ್ಟಿಗೆ, ಆಮೇಲೆ ಕಂಪ್ಯೂಟರ್

ಹೆಗಲ ಚೀಲ ಇಳಿಸುವ ಮೊದಲೇ ಅವಳು ಮೇಜಿನ ಕೆಳಗಿನ, ವರದಿಗಳೆಲ್ಲ ತುಂಬಿರುವ ಡಿಸ್ಕ್ ಪೆಟ್ಟಿಗೆಯ ಗುಂಡಿ ಒತ್ತಿ, ಮಗುವಿನ ಜ್ವರ ನೋಡುವಂತೆ ಅದರ ಮೇಲೆ ಅಂಗೈ ಇಡುತ್ತಾಳೆ. ಒಳಗೆ ಗುಂಯ್ ಎನ್ನುವುದು ಕೈಗೆ ತಿಳಿದ ಮೇಲೆಯೇ ಕಂಪ್ಯೂಟರ್ ಶುರು ಮಾಡುವುದು. ಯಾರು ಅವಸರ ಮಾಡಿದರೂ "ತಾಳಿ" ಎನ್ನುತ್ತಾಳೆ. ಹಾಗಾಗಿ ಆಸ್ಪತ್ರೆಯ ರಕ್ತಪರೀಕ್ಷೆ ವಿಭಾಗದಲ್ಲಿ ಅವಳು ಎಲ್ಲರಿಗೂ ತಾಳಕ್ಕ.

ಆ ದಿನ ಪೆಟ್ಟಿಗೆ ಗುಂಯ್ ಎಂದಿತು. ಕಂಪ್ಯೂಟರ್ ಮಾತ್ರ ಡಿಸ್ಕ್ ಸಿಗಲಿಲ್ಲವೆಂದು ತೋರಿಸಿ ನಿಂತುಬಿಟ್ಟಿತು. ಹೊರಗೆ ವರದಿಗೆ ಕಾದವರ ಸಾಲು. ಅದರಲ್ಲಿ ಅವಳ ಅತ್ತೆಯೂ ಇದ್ದರು. ಸಕ್ಕರೆಯ ವರದಿ ಮಧ್ಯಾಹ್ನದೊಳಗೆ ಮೇಲಿನ ಮಹಡಿಗೆ ತಲುಪದಿದ್ದರೆ ಅವರ ಕಣ್ಣಿನ ಆಪರೇಷನ್ ಮುಂದಿನ ತಿಂಗಳಿಗೆ ಹೋಗುತ್ತಿತ್ತು.

"ಏನಮ್ಮಾ, ನಿನ್ನ ಕಂಪ್ಯೂಟರಿಗೂ ನನ್ನ ಹಾಗೇ ಕಣ್ಣು ಮಂಜಾಯ್ತಾ?" ಅತ್ತೆ ಕಿಟಕಿಯಿಂದ ಕೇಳಿದರು.

"ಅದರದೇನೂ ತಪ್ಪಿಲ್ಲ ಅತ್ತೆ. ತಪ್ಪು ನಂದೇ."

ಪೆಟ್ಟಿಗೆಗೂ ಕಂಪ್ಯೂಟರಿಗೂ ನಡುವೆ ಮಾತು ಸಾಗಿಸುವ ಹಳೆಯ ಕಾರ್ಡು ಆಗಾಗ ಕೈಕೊಡುತ್ತಿತ್ತು. ಹಿಂದಿನ ಸಂಜೆ ಅವಳು ಹೊಸದು ಹಾಕಿದ್ದಳು. ಅತ್ತೆಯ ಕಣ್ಣಿಗೆ ಔಷಧಿ ಬಿಡುವ ಹೊತ್ತಾಯಿತೆಂದು, ಒಮ್ಮೆಯೂ ಶುರು ಮಾಡಿ ನೋಡದೆ ಮನೆಗೆ ಹೊರಟಿದ್ದಳು. ಕಂಪ್ಯೂಟರಿಗೆ ಎಚ್ಚರವಾದಾಗ ಅದರ ಬಳಿ ಇರುವುದು ಶುರುವಿಗೆ ಬೇಕಾದ ತಂತ್ರಾಂಶಗಳ ಸಣ್ಣದೊಂದು ಗಂಟು ಮಾತ್ರ. ಡಿಸ್ಕನ್ನು ಹುಡುಕಿಕೊಡುವ ತಂತ್ರಾಂಶ ಆ ಗಂಟಿನಲ್ಲೇ ಇರಬೇಕು. ಅವಳು ಹೊಸ ಕಾರ್ಡಿನ ತಂತ್ರಾಂಶವನ್ನು ಡಿಸ್ಕಿನಲ್ಲಿಟ್ಟು, ಗಂಟಿಗೆ ಸೇರಿಸುವುದನ್ನು ಮರೆತಿದ್ದಳು. ಬೀಗದ ಕೈ ಮನೆಯೊಳಗೇ ಬಿಟ್ಟು ಬಾಗಿಲು ಎಳೆದುಕೊಂಡ ಹಾಗೆ.

ಹಳೆಯ ಕಾರ್ಡನ್ನೇ ಮತ್ತೆ ಹಾಕಿದಳು. ಕಂಪ್ಯೂಟರ್ ಎದ್ದಿತು. ವಿಭಾಗದ ಮುಖ್ಯಸ್ಥರಿಗೆ ಹೋದ ಜೀವ ಬಂದಂತಾಯಿತು.

"ಸಾಕಮ್ಮ, ಇದರಲ್ಲೇ ನಡೀಲಿ. ನಿಮ್ಮತ್ತೆ ಬೇರೆ ಕಾಯ್ತಿದಾರೆ."

"ತಾಳಿ ಸರ್. ಇದು ನಡುವೆ ಕೈಕೊಟ್ರೆ ಅಷ್ಟೂ ಜನ ನಾಳೆ ಮತ್ತೆ ಬರ್ಬೇಕಾಗುತ್ತೆ."

ಗಂಟಿಗೆ ತಂತ್ರಾಂಶ ಸೇರಿಸಿದಳು. ಎಲ್ಲವನ್ನೂ ಬಂದ್ ಮಾಡಿ ಹೊಸ ಕಾರ್ಡು ಕೂರಿಸಿ, ಪೆಟ್ಟಿಗೆಯ ಮೇಲೆ ಅಂಗೈ ಇಟ್ಟಳು. ತುಟಿ ಅಲುಗಿತು, ದೇವರ ಹೆಸರೇ ಇರಬೇಕು.

"ಯಮನೂ ಇಷ್ಟು ಕಾಯಿಸಲ್ಲಪ್ಪ!" ಸಾಲಿನಲ್ಲಿ ಯಾರೋ ಗೊಣಗಿದರು.

"ಅವನು ಕಾಯಿಸಿದಷ್ಟೂ ಒಳ್ಳೇದೇ ಕಣಪ್ಪ," ಎಂದರು ಅತ್ತೆ. ಗೊಣಗಿದವರೇ ಮೊದಲು ನಕ್ಕರು.

ಪರದೆಯ ಮೇಲೆ ವರದಿಗಳು ಮೂಡಿದವು. ಮಧ್ಯಾಹ್ನಕ್ಕೆ ಇನ್ನೂ ಹೊತ್ತಿತ್ತು; ಆದರೆ ಸಾಲಿನಲ್ಲಿ ಅತ್ತೆಗಿಂತ ಮುಂದೆ ಜನ ಇದ್ದರು.

"ನಿಮ್ಮತ್ತೇದು ಮೊದಲು ತೆಗೀರಿ, ನಾನೇ ಮೇಲೆ ಕೊಟ್ಟು ಬರ್ತೀನಿ," ಎಂದರು ಮುಖ್ಯಸ್ಥರು.

"ಬೇಡ ಸರ್. ಎಲ್ಲರನ್ನೂ ಕಾಯಿಸಿದ್ದು ನಾನು. ನಮ್ಮನೆಯೋರೇ ಮುಂದೆ ಹೋದ್ರೆ ಚೆನ್ನಾಗಿರಲ್ಲ," ಎಂದು ತಾಳಕ್ಕ ಸಾಲಿನ ಮೊದಲನೆಯವರನ್ನು ಕರೆದಳು.