ಅಬುಧಾಬಿಯಲ್ಲೊಂದು ದಂಗೆಯ ಪಾಠ

ಗುರುವಾರ ಬೆಳಿಗ್ಗೆ ಎಂಟಕ್ಕೆ ಅಲ್ ನಹ್ದಾದ ಮನೆಯಿಂದ ಹೊರಟೆ. ಸೆಪ್ಟೆಂಬರ್ ಕೊನೆಯ ವಾರ. ಕಟ್ಟಡದ ಬಾಗಿಲು ದಾಟಿದ ಕೂಡಲೇ ಕನ್ನಡಕದ ಮೇಲೆ ಆವಿ ಕೂತು ದುಬೈ ಪೂರ್ತಿ ಮಸುಕಾಯಿತು. ಚಿಕ್ಕ ತಮ್ಮ ಮಲ್ಲೇಶ ಮೆಟ್ರೊ ನಿಲ್ದಾಣದ ತನಕ ಕಾರಿನಲ್ಲಿ ಬಿಟ್ಟ. ಅಲ್ಲಿಂದಲೇ ಅಬುಧಾಬಿಯಲ್ಲಿರುವ ತನ್ನಣ್ಣ ಶಿವಾನಂದನಿಗೆ ಫೋನು ಹಚ್ಚಿದ. "ಅಕ್ಕನ್ನ ಹತ್ತಸಾಕತ್ತೇನಿ. ಇಳಿಸ್ಕೊಳ್ಳೋದು ನಿಂದು." ನನ್ನ ಮೇಲೆ ವಿಳಾಸದ ಚೀಟಿ ಅಂಟಿಸುವುದೊಂದು ಬಾಕಿ ಇತ್ತು.

ನಾನು ಧಾರವಾಡದ ಹೈಸ್ಕೂಲೊಂದರಲ್ಲಿ ಮೂವತ್ತು ವರ್ಷ ಇತಿಹಾಸ ಕಲಿಸಿ ನಿವೃತ್ತಳಾದವಳು. ಮದುವೆಯಾಗಲಿಲ್ಲ. ಅಪ್ಪ ತೀರಿಕೊಂಡ ಮೇಲೆ ಈ ಇಬ್ಬರು ತಮ್ಮಂದಿರನ್ನು ಓದಿಸಿ ಮೇಲೆ ತಂದದ್ದೇ ನನ್ನ ಸಂಸಾರ. ಅವರು ಕರೆದರೆಂದು ಎರಡು ತಿಂಗಳ ವಿಸಿಟ್ ವೀಸಾದ ಮೇಲೆ ಬಂದಿದ್ದೆ. ಒಂದು ತಿಂಗಳು ಮಲ್ಲೇಶನ ಮನೆ, ಇನ್ನೊಂದು ತಿಂಗಳು ಶಿವಾನಂದನ ಮನೆ ಎಂದು ಅವರೇ ಹಂಚಿಕೊಂಡಿದ್ದರು.

ಮೆಟ್ರೊದಲ್ಲಿ ಹೆಂಗಸರ ಡಬ್ಬಿ ಬೇರೆ. ಇಬ್ನ್ ಬತೂತಾ ನಿಲ್ದಾಣದಲ್ಲಿಳಿದು ಅಬುಧಾಬಿಯ ಬಸ್ಸು ಹಿಡಿದೆ. ಇಪ್ಪತ್ತೈದು ದಿರಮ್, ಎರಡು ಗಂಟೆಯ ದಾರಿ. ಮುಂದಿನ ಸಾಲು ಹೆಂಗಸರಿಗೆ. ಪಕ್ಕದಲ್ಲಿ ಕೂತ ಫಿಲಿಪ್ಪೀನ್ಸಿನ ನರ್ಸು ಮುಗುಳ್ನಕ್ಕಳು, ಹಾಡು ಕೇಳುವ ಯಂತ್ರ ಕಿವಿಗೆ ಸಿಕ್ಕಿಸಿಕೊಂಡಳು, ಮಲಗಿದಳು. ಬಸ್ಸಿನಲ್ಲಿ ತಿನ್ನುವಂತಿಲ್ಲ, ಬುತ್ತಿಯ ಚಪಾತಿ, ಶೇಂಗಾ ಹಿಂಡಿ ತೊಡೆಯ ಮೇಲೆಯೇ ತಣ್ಣಗಾದವು. ಹೊರಗೆ ಮರಳು, ವಿದ್ಯುತ್ ಕಂಬ, ಮತ್ತೆ ಮರಳು. ನಮ್ಮ ಕಡೆ ಇಷ್ಟು ಹೊತ್ತಿಗೆ ಪಕ್ಕದವರು ನನ್ನ ಸಂಬಳ, ಪಿಂಚಣಿ, ಮದುವೆಯಾಗದ ಕಾರಣ ಎಲ್ಲ ಕೇಳಿ ಮುಗಿಸಿರುತ್ತಿದ್ದರು. ಆ ಅಧಿಕಪ್ರಸಂಗಕ್ಕೆ ಅಂದು ಹಂಬಲಿಸಿದೆ.

ಶಿವಾನಂದನ ಮನೆ ಮೊಹಮ್ಮದ್ ಬಿನ್ ಜಾಯೆದ್ ಸಿಟಿಯಲ್ಲಿ. ವಿಲ್ಲಾಗಳ ಎತ್ತರದ ಗೋಡೆಗಳು, ಅಗಲವಾದ ರಸ್ತೆ. ನಡೆಯುವವರು ಯಾರೂ ಇಲ್ಲ. ಅವನೂ ಡಾಕ್ಟರಾದ ಅವನ ಹೆಂಡತಿಯೂ ಆರೂವರೆಗೆ ಹೊರಡುತ್ತಿದ್ದರು, ಹದಿಮೂರರ ಮಗಳು ಸಂಜನಾ ಬರುವುದು ಮೂರಕ್ಕೆ. ನಡುವಿನ ಎಂಟೂವರೆ ಗಂಟೆ ನಾನು ಮತ್ತು ಎ.ಸಿ.ಯ ಸದ್ದು. ನನಗೊಂದು ಪ್ರತ್ಯೇಕ ಕೋಣೆ, ಮೆತ್ತನೆಯ ಹಾಸಿಗೆ, ಗುಳಿಗೆಗಳಿಗೆ ವಾರದ ಡಬ್ಬಿ. ಕೊರತೆ ಹೇಳಿದರೆ ನಾಲಿಗೆಯಲ್ಲಿ ಹುಳ ಬೀಳಬೇಕು. ಆದರೂ ಮಧ್ಯಾಹ್ನ ಒಬ್ಬಳೇ ಊಟಕ್ಕೆ ಕೂತಾಗ ಅಳು ಬರುತ್ತಿತ್ತು.

ಎರಡನೆಯ ಸೋಮವಾರ ಸಂಜನಾ ಪುಸ್ತಕ ತಂದಳು. ಅವಳದು ಅಮೆರಿಕನ್ ಪಠ್ಯಕ್ರಮದ ಶಾಲೆ. ಅಮೆರಿಕದ ವಸಾಹತಿನವರು ಬ್ರಿಟಿಷರ ವಿರುದ್ಧ ಯಾಕೆ ದಂಗೆಯೆದ್ದರು ಎಂದು ಎರಡು ಪುಟ ಬರೆಯಬೇಕಿತ್ತು.

"ಅತ್ಯಾ, ಟೀ ಚೀಪ್ ಮಾಡಿದ್ರಂತ. ದೆನ್ ವೈ ವರ್ ದೆ ಸೋ ಆಂಗ್ರಿ?"

ಇಷ್ಟು ದಿನಕ್ಕೆ ಯಾರೋ ನನಗೆ ಗೊತ್ತಿದ್ದದ್ದನ್ನು ಕೇಳಿದ್ದರು. ಸೆರಗು ಸಿಕ್ಕಿಸಿ ಕೂತೆ. ಫ್ರೆಂಚರ ಜೊತೆಗಿನ ಯುದ್ಧದಲ್ಲಿ ಬ್ರಿಟಿಷರ ಬೊಕ್ಕಸ ಬರಿದಾದದ್ದು, ಅದನ್ನು ತುಂಬಲು ಕಾಗದ, ಪತ್ರಿಕೆ, ಇಸ್ಪೀಟ್ ಎಲೆಗೂ ತೆರಿಗೆ ಹಾಕಿದ್ದು, ಅದನ್ನು ವಿಧಿಸಿದ ಪಾರ್ಲಿಮೆಂಟಿನಲ್ಲಿ ವಸಾಹತಿನವರು ಆರಿಸಿ ಕಳಿಸಿದವರು ಒಬ್ಬರೂ ಇಲ್ಲದಿದ್ದದ್ದು ಎಲ್ಲ ಹೇಳಿದೆ. "ಮೊದಲ ದಿನಾನ ಬಂದೂಕು ಹಿಡಿಲಿಲ್ಲವ್ವಾ. ವರ್ಷಗಟ್ಟಲೆ ಅರ್ಜಿ ಬರದ್ರು, ನಾವು ನಿಮ್ಮ ಪ್ರಜೆಗಳು ಅಂತ ಕೈ ಮುಗದು. ಆಮೇಲೆ ಅಗ್ಗದ ಚಹಾ ಬಂತು, ಅದರ ಮ್ಯಾಲೂ ತೆರಿಗಿ ಇತ್ತು. ಕುಡದ್ರ ಒಪ್ಪಿಕೊಂಡಂಗ. ಸಮುದ್ರಕ್ಕ ಸುರುವಿದ್ರು."

"ಸೋ, ಅವರು ಗುಡ್ ಪೀಪಲ್?"

"ಪೂರಾ ಅಲ್ಲ. ನಮ್ಮನ್ನ ಕೇಳಲಿಲ್ಲ ಅಂತ ಕೂಗಿದವರ ಮನ್ಯಾಗ ಗುಲಾಮರಿದ್ರು. ಅವರನ್ನ ಯಾರೂ ಕೇಳಲಿಲ್ಲ."

ಅವಳು ಖುಷಿಯಿಂದ ಬರೆದುಕೊಂಡು, ಪುಟದ ಜೊತೆ ನನ್ನ ಫೋಟೊ ತೆಗೆದಳು. ಮನೆಯವರಿಗೆ ಕಳಿಸಲೆಂದು ಮೊಬೈಲಿನಲ್ಲಿ ಒಂದು ವಾಟ್ಸಾಪ್ ಗ್ರೂಪು ತೆರೆದಳು. ಹೆಸರು 'ಅಕ್ಕನ ವ್ಯವಸ್ಥೆ'. ನನ್ನ ಮೊಬೈಲಿನಲ್ಲಿ ಅದಿರಲಿಲ್ಲ.

"ನೀವಿಲ್ಲ ಅತ್ಯಾ ಇದರಾಗ," ಎಂದಳು ಸಹಜವಾಗಿ. "ಇದು ನಿಮ್ಮ ಬಗ್ಗೆ."

ಅದರಲ್ಲಿ ಮಲ್ಲೇಶ ಹಿಂದಿನ ವಾರ ಬರೆದಿದ್ದ: ಧಾರವಾಡದ ಮಾಲಕರಿಗೆ ಹೇಳೇನಿ, ಮುಂದಿನ ತಿಂಗಳ ಮನಿ ಖಾಲಿ. ಅಕ್ಕ ಇನ್ನ ನಮ್ಮ ಕಡೇನ ಇರ್ಲಿ. ಅಕ್ಕಗ ಆಮೇಲೆ ಹೇಳಿದ್ರಾತು. ಕೆಳಗೆ ಎಲ್ಲರ ಹೆಬ್ಬೆರಳುಗಳು ಎದ್ದು ನಿಂತಿದ್ದವು. ಇಪ್ಪತ್ತೆರಡು ವರ್ಷದಿಂದ ನಾನಿರುವ ಬಾಡಿಗೆ ಮನೆ ಅದು. ನನ್ನ ಕಪಾಟು, ನನ್ನ ಕಿಟಕಿ, ಸಂಜೆ ಹರಟಲು ಬರುವ ಹಳೆಯ ವಿದ್ಯಾರ್ಥಿನಿಯರು ಎಲ್ಲ ಅಲ್ಲಿದ್ದರು.

ರಾತ್ರಿ ಊಟಕ್ಕೆ ಕೂತಾಗ ಶಿವಾನಂದನನ್ನು ಕೇಳಿಯೇಬಿಟ್ಟೆ. ಅವನ ಮುಖ ಕೆಂಪಾಯಿತು.

"ನಿನ್ನ ಒಳ್ಳೇದಕ್ಕ ಮಾಡೇವಕ್ಕಾ. ಒಬ್ಬಾಕೀನ ಅಲ್ಲೇ ಬಿದ್ದಗಿದ್ದರ ಯಾರು ನೋಡ್ತಾರ? ಇಲ್ಲಿ ಏನ್ ಕಮ್ಮಿ ಆಗೇತಿ ನಿನಗ?"

"ಕಮ್ಮಿ ಏನೂ ಇಲ್ಲ. ನನ್ನ ಕೇಳಲಿಲ್ಲ, ಅಷ್ಟ."

ಅವನು ತಾಟಿನಲ್ಲಿ ಅನ್ನ ಕಲಸಿದ. ಆಮೇಲೆ ಮೆಲ್ಲಗೆ ಅಂದ: "ನೀ ನನ್ನ ಕೇಳಿದ್ದೇನು? ಎಂಜಿನಿಯರಿಂಗ್ ಫಾರಂ ನೀನ ತುಂಬಿದಿ, ಸಹಿ ಮಾಡು ಅಂದಿ. ನನಗ ನಿನ್ನಂಗ ಮಾಸ್ತರ ಆಗಬೇಕಂತಿತ್ತು."

ಆ ಫಾರಂ ತುಂಬಿದ್ದು ನನಗೆ ನೆನಪಿತ್ತು. ಅವನ ಮುಖ ಹೇಗಿತ್ತೆಂಬುದು ನೆನಪಿರಲಿಲ್ಲ. ನೋಡಿದ್ದರೆ ತಾನೆ? ಮಾಡಿದ್ದುಣ್ಣೋ ಮಹರಾಯ ಎಂದು ಮಕ್ಕಳಿಗೆ ಎಷ್ಟು ಸಲ ಹೇಳಿದ್ದೆನೋ. ಆ ರಾತ್ರಿ ನನ್ನ ತಾಟಿನಲ್ಲಿ ಬಿದ್ದದ್ದು ಅದೇ. ಆದರೂ ಮನೆ ಬಿಟ್ಟುಕೊಡುವ ಮನಸ್ಸಾಗಲಿಲ್ಲ.

ಬೆಳಿಗ್ಗೆ ಎದ್ದವಳೇ ಮಾಲಕರ ಹೆಂಡತಿಗೆ ಫೋನು ಮಾಡಿದೆ. "ನಿಮ್ಮ ತಮ್ಮಂದಿರು ಬ್ಯಾಡ ಅಂದಾರಲ್ರೀ ಟೀಚರ?" ಎಂದರು ಅವರು. "ಕರಾರು ಪತ್ರ ನನ್ನ ಹೆಸರಿಲೆ ಐತ್ರಿ. ಶನಿವಾರ ಬರ್ತೇನಿ," ಎಂದೆ. ಇಬ್ಬರು ತಮ್ಮಂದಿರಿಗೂ ಹೇಳಿದೆ. ಮಲ್ಲೇಶ ದುಬೈಯಿಂದ ಫೋನಿನಲ್ಲಿ ಕೂಗಾಡಿ, ಕೊನೆಗೆ ಟಿಕೀಟು ತೆಗೆದ.

ಶುಕ್ರವಾರ ಶಿವಾನಂದ ರಜೆ ಹಾಕಿದ. ಚೀಲ ಎತ್ತಿಕೊಂಡು ಬಾಗಿಲಲ್ಲಿ ನಿಂತು, "ಅಕ್ಕಾ, ದುಬೈ ತನಕ ಕಾರಿನಾಗ ಬಿಡ್ಲೇನು, ಬಸ್ಸಿಗೆ ಹೋಗ್ತಿಯೇನು?" ಎಂದ. ನನ್ನನ್ನು ಕೇಳಿದನಲ್ಲ ಎಂಬ ಹಿಗ್ಗಿನಲ್ಲಿ, "ಬಸ್ಸು" ಎಂದುಬಿಟ್ಟೆ. ಅವನು ಎರಡನೆಯ ಸಲ ಒತ್ತಾಯ ಮಾಡಲಿಲ್ಲ. ನಿಲ್ದಾಣಕ್ಕೆ ಕರೆದೊಯ್ದ, ನೀರಿನ ಬಾಟಲಿ ಕೊಟ್ಟ, ಕಾಲಿಗೆ ಬಿದ್ದ.

ಬಸ್ಸು ಹಿಂದಕ್ಕೆ ಸರಿದು ತಿರುಗುವಾಗ ನೋಡಿದೆ. ಅವನ ಬಿಳಿ ಅಂಗಿ ಬೆವರಿನಿಂದ ಮೈಗೆ ಅಂಟಿತ್ತು. ನೆರಳಿಗೆ ಹೋಗದೆ ಬಿಸಿಲಲ್ಲೇ ನಿಂತಿದ್ದ. ಕಾರಿನಲ್ಲಿ ಬಂದಿದ್ದರೆ ಎರಡು ಗಂಟೆ ಅವನ ಪಕ್ಕದಲ್ಲಿ ಕೂತಿರುತ್ತಿದ್ದೆ. ನೀನು ಮಾಸ್ತರನಾಗಿದ್ದರೆ ಯಾವ ವಿಷಯ ಕಲಿಸುತ್ತಿದ್ದೆ ಎಂದು ನಾನಿನ್ನೂ ಅವನನ್ನು ಕೇಳಿರಲಿಲ್ಲ.