ತಿರುವಿನ ಹೊರಗೆ ನಿಂತವರು

ಎಲ್ಲ ಸೇರಿ ಎರಡು ಲಕ್ಷ ನಲವತ್ತು ಸಾವಿರ ಹೋಯಿತು. ಹುನಗುಂದಕ್ಕೂ ಇಳಕಲ್ಲಿಗೂ ನಡುವೆ, ಸಜ್ಜೆಯೂ ಸರಿಯಾಗಿ ಬೆಳೆಯದ ನಾಲ್ಕು ಎಕರೆ ಕಲ್ಲುಭೂಮಿಯಲ್ಲಿ ಬೈಕ್ ರೇಸಿಗೆ ಮಣ್ಣಿನ ಟ್ರ್ಯಾಕ್ ಮಾಡಿಸಲು ಇಷ್ಟು ದುಡ್ಡು ಸುರಿದವಳು ನಾನು. ನನ್ನ ಕಸುಬು ಗುಳೇದಗುಡ್ಡದಿಂದ ಕುಪ್ಪಸದ ಖಣ ತಂದು ಇಳಕಲ್ಲಿನಲ್ಲಿ ಮಾರುವುದು. ಬೈಕಿನ ಹಿಂದೆ ಕೂತು ಗೊತ್ತೇ ಹೊರತು ಹ್ಯಾಂಡಲ್ ಹಿಡಿದು ಗೊತ್ತಿಲ್ಲ. ಯಾಕೆ ಈ ಉಸಾಬರಿ ಎಂದು ಕೇಳಿದವರಿಗೆ ವ್ಯಾಪಾರ ಅಂದೆ. ಸುಳ್ಳು. ನನ್ನ ತಮ್ಮ ಕೈಕಾಲು ನೆಟ್ಟಗಿಟ್ಟುಕೊಂಡು ಬದುಕಿರಲಿ ಎಂದು ಸುರಿದೆ.

ಅವನದು ಇಳಕಲ್ಲಿನಲ್ಲೇ ಗ್ಯಾರೇಜು. ಗೆಳೆಯರನ್ನು ಕಟ್ಟಿಕೊಂಡು ಹೆದ್ದಾರಿಯಲ್ಲಿ ಪೈಪೋಟಿಗೆ ಬಿದ್ದು ಬೈಕ್ ಓಡಿಸುತ್ತಾನೆಂಬುದು ನನಗೆ ತಿಳಿದದ್ದು ಗಿರಾಕಿಯೊಬ್ಬಳ ಮೊಬೈಲಿನಿಂದ. ಸೀರೆಗೆ ಖಣ ಹೊಂದಿಸಲು ಫೋಟೊ ಹುಡುಕುತ್ತಿದ್ದವಳು, "ಇವರು ನಿಮ್ಮ ತಮ್ಮ ಅಲ್ಲೇನ್ರಿ ಅಕ್ಕಾರ?" ಎಂದು ವಿಡಿಯೊ ತೋರಿಸಿದಳು. ಎದುರಿನಿಂದ ಗ್ರಾನೈಟ್ ಹೇರಿದ ಲಾರಿ ಬರುತ್ತಿತ್ತು. ಲಾರಿಗೂ ರಸ್ತೆಯಂಚಿಗೂ ನಡುವೆ ಉಳಿದ ಸಂದಿಯಲ್ಲಿ ಅವನು ತೂರಿಹೋದ.

ಬಿಡು ಎಂದರೆ ಬಿಡುವವನಲ್ಲ. ಬೈದು ನೋಡಿದೆ, ಅವನ ಹೆಂಡತಿ ಅತ್ತು ನೋಡಿದಳು. ಕೊನೆಗೆ ನಾನು ವ್ಯಾಪಾರಸ್ಥಳ ದಾರಿ ಹಿಡಿದೆ.

"ರಸ್ತಾದಾಗ ಬ್ಯಾಡ. ಎಷ್ಟು ಜಾಗಾ ಬೇಕು ಹೇಳು, ನಾ ಕೊಡಸ್ತೇನಿ."

"ಖರೇನ ಅಕ್ಕಾ?"

"ಖರೆ. ಆದ್ರ ನನ್ನ ಕಣ್ಣ ಮುಂದ ಓಡಸಬೇಕು."

ಹೊಲದ ಮಾಲೀಕನಿಂದ ವರ್ಷದ ಲೆಕ್ಕದಲ್ಲಿ ಭೂಮಿ ಹಿಡಿದೆ. ರಸ್ತೆ ಕೆಲಸ ನಿಂತ ದಿನಗಳನ್ನು ನೋಡಿಕೊಂಡು ಜೆಸಿಬಿ ಕರೆಸಿದೆ. ತಾಸಿನ ದರ ತಾನಾಗಿ ಇಳಿಯಿತು. ಪೊಲೀಸರ ಪರವಾನಗಿ, ಆಂಬುಲೆನ್ಸ್, ಹಗ್ಗ, ಟಿಕೆಟ್ ಎಲ್ಲ ಆಯಿತು. ಮೊದಲ ರೇಸಿಗೆ ಬಾಗಲಕೋಟೆಯಿಂದಲೂ ಹುಡುಗರು ಬಂದರು, ಜನವೂ ಬಂತು. ಬಂದ ಜನವೆಲ್ಲ ಒಂದೇ ಕಡೆ ಒತ್ತಿ ನಿಂತಿತು. ದೊಡ್ಡ ತಿರುವಿನ ಹೊರಮಗ್ಗುಲು. ಅಲ್ಲಿ ನಿಂತರೆ ಬೈಕು ಮೈಮೇಲೆ ಬಂದಂತೆ ಕಾಣುತ್ತದೆ. ಅಂದು ಒಂದು ಬೈಕು ನಿಜವಾಗಿಯೂ ಬಂತು. ಸವಾರ ಬಿದ್ದು ಬೈಕಿನ ಸಮೇತ ಜಾರುತ್ತ ಹಗ್ಗದ ಕೆಳಗೆ ಹಾಯ್ದು ಒಬ್ಬ ಮುದುಕನ ಚಪ್ಪಲಿಯ ಹತ್ತಿರ ನಿಂತ. ಯಾರಿಗೂ ಏನೂ ಆಗಲಿಲ್ಲ. ಜನ ಸೀಟಿ ಹೊಡೆದರು. ಮುದುಕನೂ ಹೊಡೆದ.

ತಮ್ಮನ ಮುಖ ಮಾತ್ರ ಬಿಳಿಚಿಕೊಂಡಿತ್ತು. "ಅಕ್ಕಾ, ಬೀಳೂದು ತಪ್ಪಸಾಕ ಆಗೂದಿಲ್ಲ. ಬಿದ್ದ ಮ್ಯಾಲ ಜಾರಾಕ ಜಾಗಾ ಇರಬೇಕು. ಜಾರಿ ಜಾರಿ ನಿಂತ್ರ ಎದ್ದು ನಗತೇವಿ. ಬಡದು ನಿಂತ್ರ ದವಾಖಾನಿ. ಆ ತಿರುವಿನ ಹೊರಗ ಒಂದು ಪಿಳ್ಳೆನೂ ನಿಲ್ಲಬಾರದು," ಅಂದ.

ಸರಿಯೇ. ಆದರೆ ಅಲ್ಲಿಂದ ಎಬ್ಬಿಸಿದ ಜನವನ್ನು ಎಲ್ಲಿಡುವುದು? ಮುಟ್ಟಿ ನೋಡದೆ ಖಣ ಕೊಳ್ಳುವ ಹೆಂಗಸನ್ನು ನಾನಿನ್ನೂ ಕಂಡಿಲ್ಲ. ಟಿಕೆಟ್ ಕೊಂಡವರೂ ಹಾಗೆಯೇ. ಹತ್ತಿರ ಕೊಡಲು ಆಗದಿದ್ದರೆ ಎತ್ತರವಾದರೂ ಕೊಡೋಣ ಎಂದು ತಿರುವಿನಾಚೆ ಅಗಲವಾದ ಖಾಲಿ ಜಾಗ ಬಿಟ್ಟು, ಅದರ ಹಿಂದೆ ಗರಸುಮಣ್ಣಿನ ದಿಬ್ಬ ಹಾಕಿಸಿದೆ. ಅದರ ಮೇಲೆ ನಿಂತರೆ ಇಡೀ ಟ್ರ್ಯಾಕ್ ಅಂಗೈಯಲ್ಲಿಟ್ಟಂತೆ ಕಾಣುತ್ತಿತ್ತು. ಖಾಲಿ ಜಾಗದ ಕೊನೆಗೆ, ದಿಬ್ಬದ ಬುಡದಲ್ಲಿ, ಬೈಕು ಬಂದು ಬಡಿದರೆ ತಡೆಯಲು ಮೆತ್ತನೆಯ ಗೋಡೆ ಬೇಕಿತ್ತು. ಹಳೆ ಟಯರು ಹುಡುಕಿದೆ. ಒಯ್ದರೆ ಸಾಕು ಎನ್ನುತ್ತಿದ್ದ ಅಂಗಡಿಯವರೇ ಬೇಕು ಎಂದ ಕೂಡಲೇ ಬೆಲೆ ಹೇಳಿದರು. ಅದಕ್ಕೇ ಜೋಳದ ಕಣಕಿಗೆ, ಅಂದರೆ ಒಣದಂಟಿನ ಕಟ್ಟುಗಳಿಗೆ ಬಂದೆ. ಕೊಂಡರೆ ದುಬಾರಿ. ಬಾಡಿಗೆಗೆ ಕೇಳಿದೆ.

ಬಣವಿಯ ಯಜಮಾನ ನಕ್ಕ. "ಕಣಕಿ ಬಾಡಿಗಿಗೆ ಕೇಳಾವ್ರನ್ನ ನನ್ನ ಜಲ್ಮದಾಗ ನೋಡಿಲ್ಲವ್ವಾ. ಎಮ್ಮಿನೂ ಹಂಗ ಬಾಡಿಗಿ ತಿಂದು ತಿರುಗಿ ಕೊಡ್ತಾವೇನು?"

"ನಂದು ಎಮ್ಮಿ ಅಲ್ಲ ಕಾಕಾ, ಬೈಕು. ತಿನ್ನೂದಿಲ್ಲ. ಸೂಡು ಎಣಿಸಿ ಕೊಡ್ರಿ, ಎಣಿಸಿ ತಗೋರಿ."

ಒಪ್ಪಿದ. ಸೂಡಿನ ಮೇಲೆ ಸೂಡು ಒಟ್ಟಿ ಎದೆಯೆತ್ತರದ ಗೋಡೆಯಾಯಿತು. ಕುರ್ಚಿ ಬಾಡಿಗೆ ಉಳಿಸಿದೆ. ಎತ್ತರದ ಮೇಲೆ ನಿಂತು ನೋಡಲಿ, ಎರಡು ತಾಸಿನ ಮಾತು ಅಂದುಕೊಂಡೆ. ಉಳಿಸಬಾರದ ಕಡೆ ಉಳಿಸಿದ್ದು ಅದೊಂದೇ. ಅದೊಂದೇ ಸಾಕಾಯಿತು.

ಎರಡನೆಯ ರೇಸಿನ ದಿನ ಜನ ದಿಬ್ಬ ಹತ್ತಿದರು. ಸ್ವಲ್ಪ ಹೊತ್ತು ನಿಂತರು. ಬಿಸಿಲು ಏರಿತು. ಒಬ್ಬ ಇಳಿದು ಗೋಡೆಯಿಂದ ಒಂದು ಸೂಡು ಎಳೆದು, ಮುಂದೆ ಖಾಲಿ ಜಾಗದಲ್ಲಿ ಹಾಕಿ ಅದರ ಮೇಲೆ ಕೂತ. ಅವನ ಹಿಂದೆ ಹತ್ತು ಜನ, ಅವರ ಹಿಂದೆ ದಿಬ್ಬಕ್ಕೆ ದಿಬ್ಬವೇ. ನಾನು ಓಡಿಹೋಗುವಷ್ಟರಲ್ಲಿ ಗೋಡೆ ಹಲ್ಲು ಬಿದ್ದ ಬಾಯಿಯಂತಾಗಿತ್ತು. ಬೈಕು ಜಾರಲೆಂದು ಬಿಟ್ಟ ಜಾಗದಲ್ಲಿ ಜನ ಸಾಲುಗಟ್ಟಿ ಕೂತು ಶೇಂಗಾ ಸುಲಿಯುತ್ತಿದ್ದರು.

"ಏಳ್ರಿ ಅಜ್ಜಾರ, ಅದು ಬೈಕ್ ಬಂದು ಬೀಳೂ ಜಾಗಾ," ಅಂದೆ.

"ಟಿಕೆಟ್ ತಗೊಂಡೇನವಾ. ನಿಂತು ನೋಡಂದ್ರ ಮೊಣಕಾಲು ನೋಯ್ತಾವು. ಬಿದ್ರ ಸರಿತೇನಿ ಬಿಡು."

ಇದನ್ನು ಕಂಡು ತಮ್ಮನು ಸ್ಟಾರ್ಟಿಂಗ್ ಗೆರೆಯ ಮೇಲೆ ತನ್ನ ಬೈಕು ಅಡ್ಡ ನಿಲ್ಲಿಸಿ ಇಳಿದುಬಿಟ್ಟ. ಜನ ಏಳುವವರೆಗೆ ರೇಸಿಲ್ಲ. ಜನ ಏಳಲಿಲ್ಲ. ಬಹುಮಾನದ ದುಡ್ಡು ಕೊಟ್ಟಿದ್ದ ಪುಢಾರಿ ನನ್ನ ಹತ್ತಿರ ಬಂದ.

"ಚಾಲೂ ಮಾಡಸ್ರಿ ಅಕ್ಕಾರ. ಏನೂ ಆಗಂಗಿಲ್ಲ."

"ಆದ್ರ?"

"ಆದ್ರ ಆಂಬುಲೆನ್ಸ್ ತರಸೀರಲ್ಲ. ಅದು ಸುಮ್ನ ನಿಂತೈತಿ."

ಅಷ್ಟರಲ್ಲಿ ಕೂತವರ ನಡುವಿನಿಂದ ಒಬ್ಬ ಕೂಗಿದ: "ಲೇ, ಅಕ್ಕನ ಸೆರಗು ಹಿಡ್ಕೊಂಡು ರೇಸ್ ಹೊಡಿತಿಯೇನಲೇ!" ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ತಮ್ಮನು ತಲೆಯಿಂದ ಹೆಲ್ಮೆಟ್ ತೆಗೆಯಲಿಲ್ಲ. ಅವನ ಮುಖ ನನಗೆ ಕಾಣಲಿಲ್ಲ.

ರೇಸ್ ನಿಲ್ಲಿಸಿ ಟಿಕೆಟಿನ ದುಡ್ಡು ಹಿಂದಿರುಗಿಸಿದೆ. ಮೊಬೈಲಿನಲ್ಲಿ ಕೊಟ್ಟವರು ನಗದು ಕೇಳಿದರು, ಕೆಲವರು ಟೊಪ್ಪಿಗೆ ಬದಲಿಸಿ ಬಂದು ಎರಡು ಸಲ ವಸೂಲು ಮಾಡಿಕೊಂಡರು. ಕಣಕಿಯ ಯಜಮಾನನಿಗೆ ನುಗ್ಗಾದ ಸೂಡಿಗೆಲ್ಲ ಪೂರ್ತಿ ಬೆಲೆ ಕಟ್ಟಿಕೊಟ್ಟೆ. ನಷ್ಟದ ಅಂಗಡಿಯ ಬಾಗಿಲು ಬೇಗ ಮುಚ್ಚಬೇಕು ಎಂಬುದು ನಾನು ನೂರು ಜನಕ್ಕೆ ಹೇಳಿದ ಬುದ್ಧಿ. ಮರುವಾರವೇ ಭೂಮಿ ಬಿಟ್ಟುಕೊಟ್ಟೆ. ಮಾಲೀಕ ನನ್ನ ದಿಬ್ಬವನ್ನು ರಸ್ತೆ ಕಂಟ್ರಾಕ್ಟರನಿಗೆ ಲೋಡಿನ ಲೆಕ್ಕದಲ್ಲಿ ಮಾರಿಕೊಂಡ.

ಜನರನ್ನು ಉಳಿಸಿದೆ, ತಮ್ಮನನ್ನೂ ಉಳಿಸಿದೆ ಅಂದುಕೊಂಡೆ. ಆದರೆ ಅವನು ಗ್ಯಾರೇಜಿನಲ್ಲಿ ಕೂತಲ್ಲಿ ನಿಂತಲ್ಲಿ ಸೆರಗಿನ ಮಾತು ಕೇಳಬೇಕಾಯಿತು. ಪಂಕ್ಚರ್ ಹಾಕಿಸಲು ಬಂದವರೂ "ಅಕ್ಕಾರ ಪರವಾನಗಿ ಐತೇನ್ರಿ?" ಎಂದು ಕೇಳುತ್ತಿದ್ದರು. ಎರಡು ತಿಂಗಳಲ್ಲಿ ಬಾದಾಮಿ ಕಡೆ ಯಾರೋ ರೇಸ್ ಇಟ್ಟರು. ದಿಬ್ಬವಿಲ್ಲ, ಕಣಕಿಯಿಲ್ಲ, ಒಂದು ಹಗ್ಗ. ಟಿಕೆಟೂ ನನ್ನದಕ್ಕಿಂತ ಅಗ್ಗ. ಮಹಾಕೂಟದ ದೇವರಿಗೆ ಹೋಗಿ ಬರುತ್ತೇನೆ ಎಂದು ಮನೆಯಲ್ಲಿ ಹೇಳಿ ತಮ್ಮ ಅಲ್ಲಿಗೆ ಹೋದ.

ಬಾಗಲಕೋಟೆಯ ದವಾಖಾನೆಯಲ್ಲಿ ಅವನು ಹೇಳಿದ್ದು ಇಷ್ಟು: "ನಾ ಬೀಳಲಿಲ್ಲ ಅಕ್ಕಾ. ಬಿದ್ದಿದ್ರ ಛಲೋ ಇತ್ತು. ಮಂದಿ ಹಗ್ಗ ದಾಟಿ ಒಳಗ ಬಂದಿದ್ರು. ಅವರನ್ನ ತಪ್ಪಸಾಕ ಹೋಗಿ ಬದುವಿನ ಕಲ್ಲಿಗೆ ಹೊಡದೆ."

ಅವನ ಹೆಂಡತಿ ಗೋಡೆಗೆ ಮುಖ ಮಾಡಿ ನಿಂತಿದ್ದಳು. "ನಿಮ್ಮ ಹೊಲ ಇದ್ದಿದ್ರ ಕಣಕಿ ಮ್ಯಾಲೆ ಬೀಳ್ತಿದ್ರು ಅಕ್ಕಾರ. ಬಂದ್ ಮಾಡಿ ನೀವು ದುಡ್ಡು ಉಳಿಸ್ಕೊಂಡ್ರಿ." ಯಾವ ದರ ಹೇಳಿದರೂ ಅದಕ್ಕೆ ಮರುದರ ಹೇಳಬಲ್ಲೆ. ಅಂದು ದವಾಖಾನೆಯವರು ಕೇಳಿದಷ್ಟನ್ನೂ ಎಣಿಸಿ ಕೊಟ್ಟೆ. ಅವನ ಬಲ ಮೊಣಕಾಲು ಈಗ ಮಡಚುವುದಿಲ್ಲ. ಬಾದಾಮಿ ಕಡೆಯವರ ಮುಂದಿನ ರೇಸಿಗೆ ಜನ ಇಮ್ಮಡಿಯಾದರಂತೆ. ತಮ್ಮನು ಕಲ್ಲಿಗೆ ಹೊಡೆದ ವಿಡಿಯೊ ನೋಡಿಯೇ ಬಂದರಂತೆ.

ನಿಮ್ಮೂರಲ್ಲಿ ಯಾರಾದರೂ ಟ್ರ್ಯಾಕ್ ಮಾಡುವವರಿದ್ದರೆ ನನ್ನ ಮಾತು ಕೇಳಿ, ಪುಕ್ಕಟೆ ಹೇಳುತ್ತೇನೆ. ಮೊದಲ ದುಡ್ಡು ಜನ ಕೂರುವುದಕ್ಕೆ ಹಾಕಿ, ನೆರಳಿಗೆ ಹಾಕಿ, ಆಮೇಲೆ ಉಳಿದದ್ದು. ಕೂರಲು ಜಾಗ ಕೊಡದಿದ್ದರೆ ಸವಾರನಿಗಾಗಿ ಇಟ್ಟದ್ದರ ಮೇಲೆಯೇ ಜನ ಕೂರುತ್ತಾರೆ. ತಡೆಗೋಡೆಗೆ ಎಳೆದೊಯ್ಯಲು ಬರುವಂಥದ್ದನ್ನು ಹಾಕಬೇಡಿ; ಟಯರನ್ನು ತಂತಿಯಿಂದ ಒಂದಕ್ಕೊಂದು ಬಿಗಿಯಿರಿ, ಕೇಳಿದ ಬೆಲೆ ಕೊಟ್ಟಾದರೂ ತನ್ನಿ. ತಿರುವಿನ ಹೊರಗೆ ಜನ ಕಂಡರೆ ರೇಸ್ ಇಲ್ಲವೆಂದು ಟಿಕೆಟಿನ ಮೇಲೆಯೇ ಅಚ್ಚು ಹಾಕಿಸಿ, ಹಿಂದಿರುಗಿಸುವ ದುಡ್ಡು ಮೊದಲೇ ಬೇರೆ ಇಡಿ. ಮತ್ತೆ, ರೇಸ್ ನಿಂತರೂ ಭೂಮಿ ಬಿಡಬೇಡಿ. ಗೇಟಿಗೆ ಬೀಗ ಹಾಕಿ, ಟಿಕೆಟ್ ಮಾರದೆ, ಭಾನುವಾರಕ್ಕೊಮ್ಮೆ ಹುಡುಗರನ್ನಷ್ಟೇ ಒಳಗೆ ಬಿಟ್ಟು ಓಡಿಸಿ. ಅದರಿಂದ ಒಂದು ಪೈಸೆ ಹುಟ್ಟುವುದಿಲ್ಲ. ಆ ನಷ್ಟ ಮಾಡಿಕೊಳ್ಳಿ.