ಸೈದಪ್ಪನ ಕೈ, ಸಾವಕಾರರ ಪಿಕಪ್

ಆಳಂದದ ಹತ್ತಿರದ ಮಟಕಿ ಊರಿನ ಡ್ರೈವರ್ ಸೈದಪ್ಪನಿಗೆ ಹೊಲವಿರಲಿಲ್ಲ, ತೋಟವಿರಲಿಲ್ಲ, ಹೇಳಿಕೊಳ್ಳುವಂಥ ಮನೆತನವೂ ಇರಲಿಲ್ಲ. ಇದ್ದದ್ದು ಎರಡು ಕೈ. ಆ ಎರಡು ಕೈಯಲ್ಲಿ ಹದಿನೆಂಟು ವರ್ಷ ಪರರ ಲಾರಿ ನಡೆಸಿದ್ದ. ಜೇವರ್ಗಿಯ ಹತ್ತಿ ಸೊಲ್ಲಾಪುರಕ್ಕೆ, ಸೊಲ್ಲಾಪುರದ ಸಾಮಾನು ಜೇವರ್ಗಿಗೆ. ಅಷ್ಟು ವರ್ಷಗಳಲ್ಲಿ ಅವನ ಗಾಲಿಗೆ ಸಿಕ್ಕು ಸತ್ತದ್ದು ಒಂದೇ ಒಂದು ಕೋಳಿ. ಅದಕ್ಕೂ ಗಾಡಿ ನಿಲ್ಲಿಸಿ, ಇಳಿದು ಹೋಗಿ, ಕೋಳಿಯ ಒಡತಿಯಿಂದ ಹೊಟ್ಟೆ ತುಂಬ ಬೈಸಿಕೊಂಡು ಬಂದಿದ್ದ. "ಸೈದಪ್ಪ ಸ್ಟೇರಿಂಗ್ ಹಿಡದಾನಂದ್ರ ನಿಶ್ಚಿಂತಿ ಮಲಗಬೇಕು" ಎಂದು ಜನ ಹೇಳುತ್ತಿದ್ದರು. ಆ ಮಾತು ಕಿವಿಗೆ ಬಿದ್ದ ದಿನ ಅವನು ಎರಡು ರೊಟ್ಟಿ ಹೆಚ್ಚಿಗೆ ಉಣ್ಣುತ್ತಿದ್ದ.

ಇಂಥವನ ಕೈ ನಡುಗುತ್ತವೆ ಎಂದು ಇಡೀ ಊರು ಒಂದು ವರ್ಷ ನಂಬಿತು. ಅದು ಹೇಗೆ ನಂಬಿತು ಎಂದು ತಿಳಿಯಬೇಕಾದರೆ ಜಗದೇವಪ್ಪ ಸಾವಕಾರರ ಪರಿಚಯವಾಗಬೇಕು.

ಸಾವಕಾರರು ಎತ್ತಿನ ಪಾರಖಿ. ಯಾವ ಸಂತೆಗೆ ಹೋದರೂ ಹೋರಿಯ ಹಲ್ಲು ನೋಡಿ, ಕೋಡು ಮುಟ್ಟಿ, ಬೆನ್ನಿಗೆ ಒಂದು ಏಟು ಕೊಟ್ಟು ನಾಲ್ಕು ಹೆಜ್ಜೆ ನಡೆಸಿ, ಇದು ಬೇಕು ಇದು ಬೇಡ ಎಂದು ತಟ್ಟನೆ ಹೇಳುತ್ತಿದ್ದರು, ಒಮ್ಮೆಯೂ ತಪ್ಪಿದವರಲ್ಲ. ಎಂಬತ್ತಾರನೇ ಇಸವಿಯಲ್ಲಿ ಅವರಿಗೆ ಪಿಕಪ್ ಗಾಡಿ ಬೇಕೆನಿಸಿತು. ಸೊಲ್ಲಾಪುರಕ್ಕೆ ಹೋಗಿ, ಯಾರದೋ ಕೈಯಲ್ಲಿ ಓಡಿ ದಣಿದಿದ್ದ ಒಂದನ್ನು ಅದೇ ವಿದ್ಯೆಯಿಂದ ಪರೀಕ್ಷೆ ಮಾಡಿದರು. ದೀಪ ನೋಡಿದರು, ಟೈರಿಗೆ ಒದ್ದರು, ಬಾಗಿಲು ಧಡ್ ಎಂದು ಹಾಕಿ ಕಿವಿಗೊಟ್ಟರು, ಜೊತೆಗೆ ಕರೆದೊಯ್ದಿದ್ದ ಸೈದಪ್ಪನಿಂದ ನಾಲ್ಕು ಮಾರು ನಡೆಸಿ ನೋಡಿದರು. "ಒಬ್ಬ ಗಾಡಿ ಮಿಸ್ತ್ರಿಗೆ ತೋರ್ಸೂಣ್ರಿ ಅಪ್ಪಾರ" ಎಂದು ಸೈದಪ್ಪ ಅಂದದ್ದಕ್ಕೆ, "ನಾ ನೋಡಿದ ಮ್ಯಾಲ ಮಿಸ್ತ್ರಿ ನೋಡೂದೇನದ?" ಎಂದರು. ಗಾಡಿ ಊರಿಗೆ ಬಂತು. ಸೈದಪ್ಪ ಅದರ ಡ್ರೈವರಾದ.

ಸಾವಕಾರರು ಶರಣರ ಹಾದಿಯವರು. ಕಲ್ಲು ದೇವರು ಮಣ್ಣು ದೇವರು ಎಂದು ಯಾರಾದರೂ ಕೈಮುಗಿದರೆ ಒಂದು ಗಂಟೆ ಉಪದೇಶ ಮಾಡುವವರು. ಆದರೆ ಕಬ್ಬಿಣದ ವಿಷಯದಲ್ಲಿ ಶರಣರು ಏನೂ ಹೇಳಿಲ್ಲವೆಂದು ಅವರು ತಿಳಿದಿದ್ದರೇನೋ, ಪ್ರತಿ ಅಮಾವಾಸ್ಯೆಗೆ ಪಿಕಪ್ಪಿಗೆ ಐದು ತೆಂಗಿನಕಾಯಿ ಒಡೆಯುತ್ತಿದ್ದರು. ಎಲ್ಲಿ ಒಡೆಯಬೇಕು? ಮುಂದಿನ ಬಂಪರಿಗೆ ಹೊಸದಾಗಿ ನಿಕ್ಕಲ್ ಹೊಳಪು ಕೊಡಿಸಿದ್ದರು, ಅದಕ್ಕೆ ಏಟು ಬಿದ್ದರೆ ಅವರ ಹೊಟ್ಟೆ ಉರಿಯುತ್ತಿತ್ತು. ನೆಲಕ್ಕೆ ಒಡೆದರೆ ಗಾಡಿಗೆ ಸಲ್ಲುವುದಿಲ್ಲವಲ್ಲ. ಹಾಗಾಗಿ ಕುಕ್ಕರಗಾಲಲ್ಲಿ ಕೂತು, ಬಂಪರಿನ ಕೆಳಗೆ ಕೈ ಚಾಚಿ, ಮುಂದಿನ ಎರಡು ಗಾಲಿಗಳನ್ನು ಜೋಡಿಸುವ ಉದ್ದ ಸರಳಿನ ತುದಿಯಲ್ಲಿ ಒಂದು ದಪ್ಪ ಕೀಲು ಇರುತ್ತದಲ್ಲ, ಅದರ ಮೇಲೆ ಒಡೆದರು. ಕಾಯಿ ಒಂದೇ ಏಟಿಗೆ ಸೀಳಿತು. ಸಾವಕಾರರಿಗೆ ಬಹಳ ಸಂತೋಷವಾಯಿತು. ಅಂದಿನಿಂದ ಅದೇ ಪೂಜೆಯ ಜಾಗವಾಯಿತು. ಮೇಲೆ ವಿಭೂತಿ, ಕುಂಕುಮ. ಮಡಿ ಕೆಡುತ್ತದೆಂದು ಸೈದಪ್ಪನ ಗ್ರೀಸಿನ ಕೈ ಅಲ್ಲಿ ತಾಕಕೂಡದು ಎಂದು ಕಟ್ಟಪ್ಪಣೆಯೂ ಆಯಿತು.

ಗಾಡಿ ಕುಣಿಯಲು ಶುರುಮಾಡಿದ್ದು ಮುಂದಿನ ಬೇಸಿಗೆಯಲ್ಲಿ. ಖಜೂರಿ ಊರು ದಾಟಿ ಟೊಮ್ಯಾಟೊ ಹೇರಿಕೊಂಡು ಹೋಗುತ್ತಿದ್ದಾಗ, ನಲವತ್ತರ ವೇಗದಲ್ಲಿ ಎಡಗಾಲಿ ಒಂದು ತೆಗ್ಗಿಗೆ ಇಳಿಯಿತು. ಸ್ಟೇರಿಂಗ್ ಒಮ್ಮೆ ಮಿಸುಕಿತು. ಮತ್ತೆ ಎಡಕ್ಕೆ, ಬಲಕ್ಕೆ, ಎಡಕ್ಕೆ. ಕಣ್ಣು ಮಿಟುಕಿಸುವಷ್ಟರಲ್ಲಿ ಗಾಡಿಯ ಮೂತಿಯೆಲ್ಲ ಹುಚ್ಚು ಹಿಡಿದಂತೆ ಕುಣಿಯತೊಡಗಿತು. ಕನ್ನಡಿ ಮಡಚಿಕೊಂಡಿತು, ಹಲ್ಲಿಗೆ ಹಲ್ಲು ಬಡಿಯಿತು. ಬ್ರೇಕ್ ಒತ್ತಿದರೆ ಪಲ್ಟಿ, ಬಿಗಿಯಾಗಿ ಎಳೆದರೆ ಮಣಿಕಟ್ಟು ಮುರಿಯುವುದು. ಸೈದಪ್ಪ ಎಕ್ಸಿಲೇಟರಿನಿಂದ ಕಾಲು ಎತ್ತಿದ, ಸ್ಟೇರಿಂಗನ್ನು ಹದವಾಗಿ ಹಿಡಿದು ವೇಗ ತಾನಾಗಿ ಇಳಿಯುವವರೆಗೆ ಕಾದ. ಗಾಡಿ ನಿಂತಿತು. ಟೊಮ್ಯಾಟೊ ಹಿಂದೆ ಸಾರಾಗಿ ಸೋರುತ್ತಿತ್ತು.

ಇದನ್ನು ಹೇಳಿದಾಗ ಸಾವಕಾರರು ಅವನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದರು.

"ಗಾಡಿ ನಡುಗ್ತದೋ, ನಿನ್ನ ಕೈ ನಡುಗ್ತಾವೋ?"

"ಅಪ್ಪಾರ, ಹದಿನೆಂಟು ವರ್ಷ..."

"ಅದಕ್ಕ ಹೇಳಾಕತ್ತೇನಿ. ಹದಿನೆಂಟು ವರ್ಷದ ಕೈ ಅದಾವ, ಸೋತಾವ. ಗಾಡಿ ನಾ ಆರಿಸಿದ್ದು."

ಅಷ್ಟೇ. ಗಾಡಿ ಕೆಟ್ಟಿದೆ ಎಂದರೆ ಸಾವಕಾರರ ಕಣ್ಣು ಕೆಟ್ಟಿದೆ ಎಂದಾಗುತ್ತಿತ್ತು. ಕೈ ಕೆಟ್ಟಿದೆ ಎಂದರೆ ಸೈದಪ್ಪನ ಹೆಸರು ಮಾತ್ರ ಕೆಡುತ್ತಿತ್ತು. ಊರಿಗೂ ಎರಡನೆಯದೇ ಅನುಕೂಲವಾಗಿ ಕಂಡಿತು. ಚಹಾದಂಗಡಿಯಲ್ಲಿ ಅವನು ಚಹಾ ಸುರಿದ ಬಸಿ ಎತ್ತಿದರೆ ನಾಲ್ಕು ಜನ ಮಾತು ನಿಲ್ಲಿಸಿ ಬಸಿಯನ್ನೇ ನೋಡುವರು. ಚಹಾ ಚೆಲ್ಲದಿದ್ದರೆ ಅವರಿಗೆ ಸಣ್ಣ ನಿರಾಸೆ.

ಕೊನೆಗೆ ಸೈದಪ್ಪನಿಗೇ ಸಂಶಯ ಹತ್ತಿತು. ಒಬ್ಬನೇ ಕೂತಾಗ ಅಂಗೈ ಮುಂದೆ ಚಾಚಿ ನೋಡಿಕೊಳ್ಳುವುದು ಚಟವಾಯಿತು. ಹೆಂಡತಿ ಹಣಮವ್ವ ಒಂದು ದಿನ ಬಸಿಯ ಅಂಚಿನವರೆಗೆ ಚಹಾ ಸುರಿದು, "ಹಿಡಕೊಂಡು ಓಣಿ ತುದೀತನ ಹೋಗಿ ಬಾ" ಎಂದಳು. ಅವನು ಹೋಗಿ ಬಂದ. ಹನಿ ಚೆಲ್ಲಲಿಲ್ಲ. "ಇನ್ನ ಯಾವನರ ಅಂದ್ರ ಅವನ ತಲಿ ಮ್ಯಾಲ ಸುರೀತೇನಿ" ಎಂದು ಹಣಮವ್ವ ಅದೇ ಚಹಾ ಕುಡಿದಳು. ಸಾವಕಾರರು ಆಳಂದದ ಡಾಕ್ಟರರ ಬಳಿಗೂ ಕಳಿಸಿದರು. ಡಾಕ್ಟರು ಚಾಚಿದ ಕೈಯ ಮೇಲೆ ಒಂದು ಹಾಳೆ ಇಟ್ಟು, ಅದು ಅಲುಗದ್ದನ್ನು ನೋಡಿ, "ನನ್ನ ಕೈಗಿಂತ ಚಲೋ ಅದಾವ" ಎಂದು ಚೀಟಿ ಬರೆದುಕೊಟ್ಟರು. ಸಾವಕಾರರು ಚೀಟಿ ಓದಿ, "ಡಾಕ್ಟರಿಗೆ ಗಾಡಿ ಬಗ್ಗೆ ಏನ್ ಗೊತ್ತದ?" ಎಂದರು.

ಕೆಲಸ ಬಿಡಬಹುದಿತ್ತಲ್ಲ ಎಂದು ನೀವು ಕೇಳಬಹುದು. ಎಲ್ಲಿಗೆ ಹೋಗಬೇಕು? ಆ ಮಾತು ಅವನಿಗಿಂತ ಮುಂಚೆ ಆಳಂದ, ಅಫಜಲಪುರ, ಜೇವರ್ಗಿಯ ಎಲ್ಲ ಲಾರಿ ಮಾಲೀಕರಿಗೂ ಮುಟ್ಟಿತ್ತು. ಕೈ ನಡುಗುವ ಡ್ರೈವರನಿಗೆ ಯಾರು ಕೀಲಿಕೈ ಕೊಡುತ್ತಾರೆ? ಆ ಕೆಟ್ಟ ಹೆಸರು ತೊಳೆದುಹೋಗದ ಹೊರತು ಸೈದಪ್ಪ ಮಟಕಿಯಿಂದ ಹೊರಗೆ ಕಾಲಿಡುವಂತಿರಲಿಲ್ಲ, ಹೆಸರು ತೊಳೆಯಬೇಕಾದವರು ಸಾವಕಾರರೊಬ್ಬರೇ.

ಒಂದು ದಿನ ಅವರಿಗೆ ಹೇಳದೆ ಗಾಡಿಯನ್ನು ಆಳಂದದ ಖಾದರಸಾಬ ಮಿಸ್ತ್ರಿಯ ಗ್ಯಾರೇಜಿಗೆ ಒಯ್ದ. ಖಾದರಸಾಬ ಗಾಡಿಯ ಕೆಳಗೆ ತೂರಿ ಕೀಲುಗಳನ್ನು ಒಂದೊಂದಾಗಿ ಅಲ್ಲಾಡಿಸಿ ನೋಡಿದ. ಆಮೇಲೆ ಒಳಗಿನಿಂದಲೇ ನಗು ಕೇಳಿಸಿತು.

"ಸೈದಪ್ಪಾ, ಇಲ್ಲಿ ಚಟ್ನಿ ಯಾರು ಮಾಡ್ಯಾರೋ?"

ಕೀಲಿನ ರಬ್ಬರ್ ಟೋಪಿ ಏಟಿಗೆ ಹರಿದು ಜೋತುಬಿದ್ದಿತ್ತು. ಒಳಗೆ ಗ್ರೀಸ್ ಇರಬೇಕಾದ ಕಡೆ ತೆಂಗಿನ ನಾರು, ಕುಂಕುಮ, ತುಕ್ಕು. ವರ್ಷವಿಡೀ ಕಾಯಿ ನೀರು ಕುಡಿದು ಕೀಲು ಸವೆದು ಗಾಲಿ ಗಿಲಿಗಿಲಿ ಆಡುತ್ತಿತ್ತು. ಗಾಡಿಯ ಭಾರ ಹೊರುವ ಪಾಟಾದ ಬುಷ್ ಕೊಳ್ಳುವಾಗಲೇ ಸವೆದು ಸತ್ತಿತ್ತು. "ಇದು ಒಂದಿನ ಕಳಚಿ ಬೀಳ್ತದ. ಆವಾಗ ಗಾಲಿ ಒಂದ್ ಊರಿಗೆ, ನೀ ಒಂದ್ ಊರಿಗೆ" ಎಂದ ಖಾದರಸಾಬ.

ಸೈದಪ್ಪ ಗಾಡಿ ಊರಿಗೆ ತಂದವನೇ ಓಡುತ್ತ ಹೋಗಿ ಸಾವಕಾರರಿಗೆ ಇದನ್ನು ಹೇಳಿದ. ಅವನ ದಡ್ಡತನ ನೋಡಿ. ನಿಜ ಸಿಕ್ಕಿತೆಂದರೆ ಕೆಲಸ ಮುಗಿಯಿತು ಎಂದುಕೊಂಡಿದ್ದ. ಸಾವಕಾರರ ಮುಖ ಕೆಂಪಾಯಿತು.

"ನನ್ನ ಪೂಜಾದಿಂದ ಗಾಡಿ ಕೆಟ್ಟದ ಅಂತೀಯೇನಲೇ? ಕೈ ಕೆಟ್ಟಿದ್ದು ಸಾಲದು ಅಂತ ಬಾಯೀನೂ ಕೆಟ್ಟದ ನಿಂದು."

ರಿಪೇರಿ ಆಗಲಿಲ್ಲ. ಅಮಾವಾಸ್ಯೆಯ ಐದು ಕಾಯಿಗೆ ಸೋಮವಾರದ ಎರಡು ಸೇರಿದವು. ಜಾಗ ಅದೇ. ಸೈದಪ್ಪ ಅಂದಿನಿಂದ ಮೂವತ್ತರ ಮೇಲೆ ಓಡಿಸಲಿಲ್ಲ. ಜನ ಅದನ್ನೂ ಬಿಡಲಿಲ್ಲ. ನೋಡಿ, ಕೈಯಲ್ಲಿ ಬಲವಿಲ್ಲ, ಅದಕ್ಕೇ ತೆವಳುತ್ತಾನೆ ಎಂದರು.

ಎಂಬತ್ತೆಂಟರ ಮಾಘದಲ್ಲಿ ಸಾವಕಾರರ ಮಗನಿಗೆ ಅಫಜಲಪುರದ ಶಾಂತಲಿಂಗಪ್ಪನವರ ಮಗಳನ್ನು ನಿಶ್ಚಯ ಮಾಡುವುದಿತ್ತು. ಪಿಕಪ್ಪಿನ ಹಿಂದೆ ಜಮಖಾನೆ ಹಾಸಿ ಹನ್ನೊಂದು ಮಂದಿ ಕೂತರು. ಸಾವಕಾರರ ಹೆಂಡತಿ ಸುಭದ್ರಾಬಾಯಿ ಉಡಿ ತುಂಬುವ ಸಾಮಾನಿನ ಬುಟ್ಟಿ ತೊಡೆಯ ಮೇಲಿಟ್ಟುಕೊಂಡು, ಡ್ರೈವರ್ ಸೀಟಿನ ಹಿಂದಿನ ಕಿಟಕಿಗೆ ಒರಗಿ ಕುಳಿತರು. ಸೈದಪ್ಪ ಬಾಗಿಲು ತೆಗೆಯುವಷ್ಟರಲ್ಲಿ ಸಾವಕಾರರು ಅವನನ್ನು ಪಕ್ಕಕ್ಕೆ ಸರಿಸಿ ತಾವೇ ಸ್ಟೇರಿಂಗಿಗೆ ಕೂತರು. ಕಣದಲ್ಲಿ ಎರಡು ತಿಂಗಳು ಸೈದಪ್ಪನಿಂದಲೇ ಕಲಿತಿದ್ದರು. ಬೀಗರ ಅಂಗಳಕ್ಕೆ ತಾವೇ ಗಾಡಿ ಹೊಡೆದುಕೊಂಡು ಇಳಿಯುವ ಚಿತ್ರ ಅವರ ಕಣ್ಣಲ್ಲಿತ್ತು.

"ಮೂವತ್ತು ದಾಟಬ್ಯಾಡ್ರಿ ಅಪ್ಪಾರ" ಎಂದು ಸೈದಪ್ಪ ಪಕ್ಕದಲ್ಲಿ ಕೂತು ಬೇಡಿಕೊಂಡ.

"ಇವತ್ತ ನೋಡು, ಗಟ್ಟಿ ಕೈ ಅಂದ್ರ ಹ್ಯಾಂಗಿರ್ತಾವ" ಎಂದರು ಸಾವಕಾರರು.

ಗಟ್ಟಿ ಕೈ ಆಳಂದ ದಾಟುವವರೆಗೆ ಗಟ್ಟಿಯಾಗಿಯೇ ಇದ್ದವು. ಮುಂದೆ ಒಂದು ಇಳಿಜಾರು ಬಂತು. ವೇಗದ ಮುಳ್ಳು ಐವತ್ತರ ಹತ್ತಿರ ಹೋಯಿತು. ಕಿರುಸೇತುವೆಯ ಅಂಚಿಗೆ ಗಾಲಿ ಬಡಿಯಿತು, ಸ್ಟೇರಿಂಗ್ ಸಾವಕಾರರ ಅಂಗೈಗೆ ರಪ್ಪನೆ ಹೊಡೆಯಿತು. ಅವರು "ಯಪ್ಪಾ ಬಸವಣ್ಣಾ!" ಎಂದು ಚೀರಿ, ಎರಡೂ ಕೈ ಬಿಟ್ಟು ಬಾಗಿಲು ತಬ್ಬಿಕೊಂಡರು. ಕಾಲು ಮಾತ್ರ ಎಕ್ಸಿಲೇಟರಿನ ಮೇಲೆ ಮರೆತುಹೋಗಿತ್ತು.

ಸೈದಪ್ಪ ಅವರ ಕಾಲನ್ನು ತನ್ನ ಕಾಲಿಂದ ಒದ್ದು ಸರಿಸಿದ. ಪಕ್ಕದಿಂದ ಬಾಗಿ ಸ್ಟೇರಿಂಗ್ ಹಿಡಿದ. ಗಾಡಿ ರಸ್ತೆ ಬಿಟ್ಟು ತೊಗರಿ ಹೊಲಕ್ಕೆ ನುಗ್ಗಿತು, ಸಾಲುಗಳ ಮೇಲೆ ಹಾರಿತು. ಎದುರಿಗೆ ಕಟ್ಟೆಯಿಲ್ಲದ ಒಂದು ಬಾವಿ. ಸೈದಪ್ಪ ಎಳೆಯಲಿಲ್ಲ, ಬಿಡಲೂ ಇಲ್ಲ. ಗಾಡಿ ಬಾವಿಗೆ ಹತ್ತು ಹೆಜ್ಜೆ ಈಚೆಗೆ ನಿಂತಿತು. ಹಿಂದೆ ಕೂತವರು ಎದ್ದುನಿಂತು ಬಾವಿಯನ್ನು ನೋಡಿದರು. ಅವನು ಇಳಿದು ತಂತಿಯಿಂದ ಕೀಲನ್ನು ಬಿಗಿದು ಕಟ್ಟಿ, ಉಳಿದ ದಾರಿಯನ್ನೆಲ್ಲ ನಡಿಗೆಯ ವೇಗದಲ್ಲಿ ನಡೆಸಿದ. ಬೀಗರ ಮನೆ ಮುಟ್ಟಿದಾಗ ಹೊತ್ತು ಬಹಳ ಏರಿತ್ತು.

ನಿಶ್ಚಯದ ಶಾಸ್ತ್ರ ಮುಗಿದು ಊಟದ ಸಾಲು ಕೂತಾಗ ಶಾಂತಲಿಂಗಪ್ಪನವರು ಕೇಳಿದರು: "ಯಾಕ್ರಿ ಬೀಗರ, ಇಷ್ಟ್ ತಡಾ?"

ಸಾವಕಾರರು ಹೋಳಿಗೆ ಮುರಿಯುತ್ತ ಹೇಳಿದರು: "ನಾ ನಡಸಾಕತ್ತಿದ್ನಿರಿ. ನಮ್ಮ ಡ್ರೈವರ್ ಮಗ್ಗಲದಾಗ ಕುಂತವ ನಡಕ ಕೈ ಹಚ್ಚಿದ. ಅವನ ಕೈ ನಡುಗ್ತಾವ ನೋಡ್ರಿ. ಗಾಡಿ ಹೊಲಕ್ಕ ಇಳೀತು."

ಸಾಲಿನ ತುದಿಯಲ್ಲಿ ಸೈದಪ್ಪ ಕೈಯಲ್ಲಿದ್ದ ತುತ್ತನ್ನು ಎಲೆಗೆ ಇಟ್ಟ. ಅವನು ಸಾಲಿನುದ್ದಕ್ಕೂ ಕಣ್ಣು ಹಾಯಿಸಿದ. ಬಾವಿಯನ್ನು ಕಂಡವರು ಎಲ್ಲರೂ ಅಲ್ಲೇ ಇದ್ದರು. ಒಬ್ಬರು ತುಪ್ಪ ಕೇಳಿದರು, ಒಬ್ಬರು ಉಪ್ಪಿನಕಾಯಿ ಚಲೋ ಆಗಿದೆ ಎಂದರು. ಸೈದಪ್ಪ ಎದ್ದು, ಕೀಲಿಕೈಯನ್ನು ಸಾವಕಾರರ ಎಲೆಯ ಪಕ್ಕ ಇಟ್ಟು ಹೊರಗೆ ಹೋದ.

ಊಟ ಮುಗಿಸಿದವರು ಬಾಯಿ ಒರೆಸಿಕೊಳ್ಳುತ್ತ ಒಬ್ಬೊಬ್ಬರೇ ಅವನ ಬಳಿ ಬಂದರು. "ಸೈದಪ್ಪಾ, ಸಿಟ್ಟಾಗಬ್ಯಾಡಪಾ. ಹೊಳ್ಳಿ ಹೋಗೂ ಮುಂದ ನೀನ ನಡಸು" ಎಂದು ಪಿಸುಗುಟ್ಟಿದರು.

"ಇದನ್ನ ಒಳಗ ಹೋಗಿ ಜೋರಾಗಿ ಹೇಳ್ರಿ, ನಡಸ್ತೇನಿ" ಎಂದ ಸೈದಪ್ಪ. ಬಂದವರಿಗೆಲ್ಲ ಎಲೆ ಅಡಿಕೆಯ ನೆನಪಾಗಿ ಹೊರಟುಹೋದರು. ಅವನಿಗೆ ಜೀವನದಲ್ಲಿ ಮೊದಲ ಸಲ ಮನುಷ್ಯರ ಮೇಲೆ ಹೇಸಿಗೆಯಾಯಿತು. ಬಸ್ ನಿಲ್ದಾಣದ ದಾರಿ ಹಿಡಿಯಲೆಂದು ಟವೆಲು ಹೆಗಲಿಗೆ ಹಾಕಿಕೊಂಡ.

ಆಗ ಸುಭದ್ರಾಬಾಯಿ ಪಡಸಾಲೆಗೆ ಬಂದರು. ಎರಡೂ ಮನೆಯವರು ಕೂತಿದ್ದರು. ಸೆರಗು ಸರಿಮಾಡಿಕೊಂಡು, ಬೀಗರ ಕಡೆ ತಿರುಗಿ, ಸಂತೆಯಲ್ಲಿ ಕೇಳಿಸುವಷ್ಟು ಜೋರಾಗಿ ಮಾತಾಡಿದರು.

"ಬೀಗರ, ನಿಮ್ಮ ಮನಿ ಉಪ್ಪು ಉಂಡು ಸುಳ್ಳು ಕೇಳಿಕೋತ ಕುಂದರಾಕ ನನಗ ಆಗಂಗಿಲ್ಲ. ಅವ ಕೈ ಹಚ್ಚಿದ್ದಕ್ಕ ಗಾಡಿ ಹೊಲಕ್ಕ ಇಳೀಲಿಲ್ರಿ. ಅವ ಕೈ ಹಚ್ಚಿದ್ದಕ್ಕ ನಾವೆಲ್ಲ ಬಾವ್ಯಾಗ ಬೀಳಲಿಲ್ಲ. ನಮ್ಮ ಮನಿಯವ್ರು ಕೈ ಬಿಟ್ಟು ಬಾಗಲಾ ಅಪ್ಪಿಕೊಂಡಿದ್ರು, ನಾ ಹಿಂದಿನ ಕಿಡಕ್ಯಾಗಿಂದ ಕಣ್ಣಾರೆ ನೋಡೇನಿ."

ಅವರು ಗಂಡನ ಮುಂದೆ ಅಂಗೈ ಚಾಚಿದರು. ಸಾವಕಾರರು ಅತ್ತಿತ್ತ ನೋಡಿ ಕೀಲಿಕೈ ಕೊಟ್ಟರು. ಸುಭದ್ರಾಬಾಯಿ ಹೊಸ್ತಿಲು ದಾಟಿ ಅಂಗಳಕ್ಕಿಳಿದು, ಅದನ್ನು ಎಲ್ಲರ ಎದುರಿಗೆ ಸೈದಪ್ಪನಿಗೆ ಚಾಚಿದರು.

"ತಗೋ ಸೈದಪ್ಪಾ. ಖಾಲಿ ಗಾಡಿ ಸಾವಕಾಶ ಒಯ್ದು ಖಾದರಸಾಬಗ ಕೊಡು, ಎಲ್ಲಾ ಬಿಚ್ಚಿ ರಿಪೇರಿ ಮಾಡ್ಲಿ. ನಾವು ಬಸ್ಸಿಗೆ ಬರ್ತೇವಿ. ಆಮ್ಯಾಲ ಆ ಗಾಡಿ ನಡಸಾಂವ ನೀನ, ಬ್ಯಾರೆ ಯಾರೂ ಅಲ್ಲ."

ಸೈದಪ್ಪ ಕೈ ಮುಂದೆ ಮಾಡಿದ. ಬಾವಿಯ ಹತ್ತಿರ ಅಲುಗದ ಕೈ, ಡಾಕ್ಟರರ ಹಾಳೆಯ ಕೆಳಗೆ ಅಲುಗದ ಕೈ, ಈಗ ಗಡಗಡ ನಡುಗುತ್ತಿತ್ತು. ಕೀಲಿಕೈ ಬೆರಳ ಮಧ್ಯೆ ಗಿಲಿಗಿಲಿ ಎಂದಿತು.

"ನೋಡ್ರಿ, ನೋಡ್ರಿ!" ಪಡಸಾಲೆಯಿಂದ ಸಾವಕಾರರು ಜಿಗಿದೆದ್ದರು. "ನಡುಗಾಕತ್ತಾವ! ನಾ ಹೇಳಿರಲಿಲ್ಲೇನು? ಎಲ್ಲಾರೂ ನೋಡ್ರಿ!"

ಯಾರೂ ಅವನ ಕೈಯನ್ನು ನೋಡಲಿಲ್ಲ. ಎಲ್ಲರೂ ಸಾವಕಾರರನ್ನೇ ನೋಡುತ್ತಿದ್ದರು.